ಬಿಆರ್‌ಝಡ್ ಎಂಜಿನ್: ಯಾವುದಕ್ಕೆ ಖರ್ಚು ಮಾಡಬೇಕು, ಯಾವುದಕ್ಕೆ ಬೇಡ

ಸುಬಾರು ಬಿಆರ್‌ಝಡ್ ಮತ್ತು ಅದರ ಅವಳಿಯಾದ ಟೊಯೋಟಾ 86 ಕಾರುಗಳು 2012ರಲ್ಲಿ ಮಾರುಕಟ್ಟೆಗೆ ಬಂದ ದಿನದಿಂದಲೂ ಅವುಗಳ ಮೇಲಿನ ದೂರು ಒಂದೇ: ಸ್ಟಿಯರಿಂಗ್ ಚೆನ್ನಾಗಿದೆ, ತಿರುವಿನಲ್ಲಿ ಖುಷಿ ಕೊಡುತ್ತದೆ, ಆದರೆ ಎಂಜಿನ್‌ನಲ್ಲಿ ದಮ್ಮಿಲ್ಲ. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ನಾನು ಓಡಿಸುವುದು 2015ರ ಬಿಆರ್‌ಝಡ್. ಇದೇ ಕಾರನ್ನು ಸೆಕೆಂಡ್ ಹ್ಯಾಂಡ್ ಕೊಂಡ ಇಲ್ಲಿನ ಕನ್ನಡದ ಗೆಳೆಯರು ಭೇಟಿಯಾದಾಗಲೆಲ್ಲ, ಕಡಿಮೆ ಖರ್ಚಿನಲ್ಲಿ ಪವರ್ ಹೆಚ್ಚಿಸಿಕೊಳ್ಳಲು ಮೊದಲು ಏನು ಹಾಕಿಸಬೇಕು ಎಂದು ಕೇಳುತ್ತಾರೆ. ಅದಕ್ಕೆ ನಾನು ಕೊಡುವ ಉತ್ತರ ಯಾವುದೋ ಒಂದು ಬಿಡಿಭಾಗದ ಹೆಸರಲ್ಲ. ನೀವು ಕಾರು ಓಡಿಸುವಾಗ ಎಂಜಿನ್ ಹೆಚ್ಚು ಹೊತ್ತು ಯಾವ ಆರ್‌ಪಿಎಂನಲ್ಲಿ (ನಿಮಿಷಕ್ಕೆ ಎಂಜಿನ್ ಸುತ್ತುವ ಸುತ್ತುಗಳ ಸಂಖ್ಯೆ) ಇರುತ್ತದೆಯೋ ಅಲ್ಲಿ ಏನು ಸಿಗುತ್ತದೆ, ಮತ್ತು ಆ ಖರ್ಚಿನ ಬೆನ್ನಿಗೆ ಇನ್ನೇನು ಖರ್ಚು ಬರುತ್ತದೆ ಎಂಬ ಎರಡು ಲೆಕ್ಕ ಹಾಕದೆ ಈ ಕಾರಿಗೆ ಏನನ್ನೂ ಕೊಳ್ಳಬಾರದು ಎನ್ನುವುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಎಂಜಿನ್ ಎಂಥದ್ದು ಎಂದು ನೋಡೋಣ. ಎಫ್‌ಎ20 ಎಂಬ ಈ ಎಂಜಿನ್‌ನಲ್ಲಿ ನಾಲ್ಕು ಸಿಲಿಂಡರ್‌ಗಳು ಎಡಕ್ಕೆರಡು, ಬಲಕ್ಕೆರಡು ಅಡ್ಡಲಾಗಿ ಮಲಗಿವೆ. ಗಾತ್ರ 1998 ಸಿಸಿ, ಸಿಲಿಂಡರ್ ವ್ಯಾಸವೂ ಪಿಸ್ಟನ್ ಚಲಿಸುವ ದೂರವೂ ತಲಾ 86 ಮಿಲಿಮೀಟರ್, ಕಂಪ್ರೆಷನ್ ಅನುಪಾತ 12.5:1, ಅಂದರೆ ಸಿಲಿಂಡರಿನಲ್ಲಿ ತುಂಬಿದ್ದನ್ನು ಪಿಸ್ಟನ್ ಹನ್ನೆರಡೂವರೆಯಲ್ಲಿ ಒಂದು ಪಾಲಿನ ಜಾಗಕ್ಕೆ ಒತ್ತುತ್ತದೆ. 7000 ಆರ್‌ಪಿಎಂನಲ್ಲಿ 200 ಅಶ್ವಶಕ್ತಿ ಕೊಡುತ್ತದೆ. ಗರಿಷ್ಠ ಟಾರ್ಕ್, ಅಂದರೆ ಎಂಜಿನ್ ತಿರುಗಿಸುವ ಬಲ, 205 ನ್ಯೂಟನ್ ಮೀಟರ್, ಅದೂ 6400 ಆರ್‌ಪಿಎಂ ದಾಟಿದ ಮೇಲೆ. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದೆ ಲೀಟರಿಗೆ ನೂರು ಅಶ್ವಶಕ್ತಿ ತೆಗೆದಿದ್ದಾರೆ ಎಂದರೆ, ಹಿಂಡಬಹುದಾದದ್ದನ್ನು ಬಹುಪಾಲು ಕಾರ್ಖಾನೆಯವರೇ ಹಿಂಡಿದ್ದಾರೆ ಎಂದರ್ಥ. ನಮಗೆ ಉಳಿದಿರುವುದು ಅಲ್ಪ.

ಬೆಂಗಳೂರಿನಲ್ಲಿ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ ಕಾರು ಇಟ್ಟುಕೊಂಡವರ ಅನುಭವವನ್ನು ಇಲ್ಲಿಗೆ ಹೊಂದಿಸಲು ಹೋಗಬಾರದು. ಆ 1.2 ಲೀಟರ್ ಎಂಜಿನ್ ಟರ್ಬೊ ಇರುವಂಥದ್ದು. ಎಂಜಿನ್ ನಿಯಂತ್ರಿಸುವ ಕಂಪ್ಯೂಟರಾದ ಇಸಿಯುವಿನ ಸಾಫ್ಟ್‌ವೇರ್ ಬದಲಿಸಿ (ರೀಮ್ಯಾಪ್) ಟರ್ಬೊದ ಬೂಸ್ಟ್ ಒತ್ತಡ ಏರಿಸಿದರೆ, ಒಂದು ಬೋಲ್ಟನ್ನೂ ಬಿಚ್ಚದೆ ಎದ್ದು ಕಾಣುವಷ್ಟು ಟಾರ್ಕ್ ಸಿಗುತ್ತದೆ. ಅಲ್ಲಿನ ಅಡಚಣೆ ಬೇರೆ. ಅದರ ಏಳು ಗೇರಿನ ಡ್ರೈ ಕ್ಲಚ್ ಡಿಎಸ್‌ಜಿ (ಆಟೊಮ್ಯಾಟಿಕ್) ಗೇರ್‌ಬಾಕ್ಸ್ ತಾಳುವ ಮಿತಿಯೇ 250 ನ್ಯೂಟನ್ ಮೀಟರ್, ಮೇಲಾಗಿ ಭಾರತದ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಟನ್ನು ಒಪ್ಪುವುದಿಲ್ಲ. ಟರ್ಬೊ ಇಲ್ಲದ ಬಿಆರ್‌ಝಡ್‌ನಲ್ಲಿ ಅದೇ ರೀಮ್ಯಾಪ್‌ನಿಂದ ಅಷ್ಟು ದೊಡ್ಡ ಫಲ ನಿರೀಕ್ಷಿಸಿದರೆ ನಿರಾಶೆ ಖಂಡಿತ.

ಹಾಗಾದರೆ ಈ ಎಂಜಿನ್‌ನಲ್ಲಿ ದಮ್ಮಿಲ್ಲ ಎಂಬ ಭಾವನೆ ಎಲ್ಲಿಂದ ಬರುತ್ತದೆ? ಕಾರಿನ ಶಕ್ತಿಯನ್ನು ಯಂತ್ರದ ಮೇಲೆ ಅಳೆಯುವ ಡೈನೊ ಪರೀಕ್ಷೆಯ ಹಾಳೆಯಲ್ಲಿ ಟಾರ್ಕ್ ಗೆರೆಯನ್ನು ಎಡದಿಂದ ಬಲಕ್ಕೆ ಬೆರಳಿಟ್ಟು ನೋಡುತ್ತಾ ಹೋದರೆ ಕಾರಣ ತಾನೇ ಕಾಣುತ್ತದೆ. 3000 ಆರ್‌ಪಿಎಂ ಸಮೀಪ ಗೆರೆ ಒಂದು ಸಣ್ಣ ದಿಬ್ಬ ಹತ್ತುತ್ತದೆ, ಅಲ್ಲಿಂದಾಚೆ ಕುಸಿದು ಹಳ್ಳಕ್ಕಿಳಿಯುತ್ತದೆ, 4500ರ ಆಚೀಚೆ ಮತ್ತೆ ಏರಲು ತೊಡಗಿ ಕೊನೆಯವರೆಗೂ ಚೆನ್ನಾಗಿಯೇ ಇರುತ್ತದೆ. ಎರಡನೇ ಗೇರಿನ ಅನುಪಾತ 2.188, ಗೇರ್‌ಬಾಕ್ಸ್‌ನಿಂದ ಬಂದ ಬಲವನ್ನು ಹಿಂದಿನ ಚಕ್ರಗಳಿಗೆ ದಾಟಿಸುವ ಡಿಫರೆನ್ಷಿಯಲ್‌ನದು 4.1, ಟೈರ್ ಅಳತೆ 215/45 ಆರ್17. ಇವನ್ನಿಟ್ಟು ಲೆಕ್ಕ ಹಾಕಿದರೆ 3000ದಿಂದ 4500 ಆರ್‌ಪಿಎಂ ಎಂದರೆ ಗಂಟೆಗೆ ಸುಮಾರು 40ರಿಂದ 60 ಕಿಲೋಮೀಟರ್ ವೇಗ. ಘಾಟಿ ರಸ್ತೆಯ ಹೇರ್‌ಪಿನ್ ತಿರುವಿನಿಂದ ಹೊರಬಿದ್ದು ಆಕ್ಸಿಲರೇಟರ್ ತುಳಿಯುವ ವೇಗ ಕರಾರುವಾಕ್ಕಾಗಿ ಅದೇ. ಎಂಜಿನ್ ದುರ್ಬಲವಾಗಿರುವ ಜಾಗವೂ ನಮಗೆ ಪಿಕಪ್ ಬೇಕಾದ ಜಾಗವೂ ಒಂದೇ ಆಗಿರುವುದರಿಂದ ದೂರು ಹುಟ್ಟಿದೆಯೇ ಹೊರತು, 200 ಎಂಬ ಸಂಖ್ಯೆ ಚಿಕ್ಕದು ಎಂಬ ಕಾರಣಕ್ಕಲ್ಲ.

ಇದು ಮನದಟ್ಟಾದರೆ ಕೊಳ್ಳುವ ಲೆಕ್ಕವೇ ಬದಲಾಗುತ್ತದೆ. ಜಾಹೀರಾತುಗಳು ಹೇಳುವುದು ಗರಿಷ್ಠ ಅಶ್ವಶಕ್ತಿಯನ್ನು. ಒಂದು ಭಾಗ 7000 ಆರ್‌ಪಿಎಂನಲ್ಲಿ 5 ಅಶ್ವಶಕ್ತಿ ಹೆಚ್ಚಿಸಿತು ಎಂದುಕೊಳ್ಳಿ. ಟಾರ್ಕ್‌ಗೆ ಪರಿವರ್ತಿಸಿದರೆ ಅದು ಸುಮಾರು 5 ನ್ಯೂಟನ್ ಮೀಟರ್, ಅದೂ ಎಂಜಿನ್ ಸುತ್ತುವ ಗರಿಷ್ಠ ಮಿತಿಯಾದ ರೆಡ್‌ಲೈನ್‌ಗೆ ನಾನೂರು ಆರ್‌ಪಿಎಂ ಬಾಕಿ ಇರುವಾಗ. ಇನ್ನೊಂದು ಭಾಗ ಹಳ್ಳದ ನಡುವೆ, 3800 ಆರ್‌ಪಿಎಂನಲ್ಲಿ, 20 ನ್ಯೂಟನ್ ಮೀಟರ್ ಮರಳಿಸಿತು ಎಂದುಕೊಳ್ಳಿ. ಅದು ಆ ವೇಗದಲ್ಲಿ ಹತ್ತು ಅಶ್ವಶಕ್ತಿಗಿಂತ ಹೆಚ್ಚು, ಆದರೆ ಪೆಟ್ಟಿಗೆಯ ಮೇಲೆ ಮುದ್ರಿಸುವ ಗರಿಷ್ಠ ಸಂಖ್ಯೆಯಲ್ಲಿ ಅದು ಕಾಣಿಸುವುದೇ ಇಲ್ಲ. ನಾನು ಯಾವ ಡೈನೊ ಹಾಳೆ ನೋಡಿದರೂ ಮೊದಲು ಕಣ್ಣು ಹಾಯಿಸುವುದು 3000 ಮತ್ತು 5000ದ ನಡುವಿನ ಭಾಗಕ್ಕೆ.

ಈ ಅಳತೆಗೋಲಿನಲ್ಲಿ ಮೊದಲು ಬಿದ್ದುಹೋಗುವುದು ಎಂಜಿನ್‌ಗೆ ಗಾಳಿ ಒಯ್ಯುವ ಏರ್ ಇಂಟೇಕ್. ಹೊಳೆಯುವ ಪೈಪು, ಶಂಕುವಿನಾಕಾರದ ಫಿಲ್ಟರ್, ಮುನ್ನೂರು ನಾನೂರು ಡಾಲರ್ ಬೆಲೆ. ಕಾರಿನೊಂದಿಗೆ ಬಂದ ಏರ್ ಫಿಲ್ಟರ್ ಪೆಟ್ಟಿಗೆ ಬಾನೆಟ್‌ನ ಮುಂತುದಿಯಿಂದ ತಣ್ಣನೆಯ ಗಾಳಿಯನ್ನೇ ಎಳೆದುಕೊಳ್ಳುವುದರಿಂದ, ಸುಧಾರಿಸಲು ಅಲ್ಲಿ ಹೆಚ್ಚೇನೂ ಉಳಿದಿಲ್ಲ. ಅಪಾಯ ಇನ್ನೊಂದಿದೆ. ಒಳಬರುವ ಗಾಳಿಯನ್ನು ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್ ಆ ಪೈಪಿನಲ್ಲೇ ಕುಳಿತಿರುತ್ತದೆ. ಅದು ಅಳೆಯುವುದು ತನ್ನ ಪಕ್ಕ ಹಾದುಹೋಗುವ ಗಾಳಿಯನ್ನು ಮಾತ್ರ, ಒಟ್ಟು ಎಷ್ಟು ಗಾಳಿ ಬಂತೆಂಬುದನ್ನು ಇಸಿಯು ಪೈಪಿನ ಮೂಲ ವ್ಯಾಸವನ್ನು ನಂಬಿಕೊಂಡು ಲೆಕ್ಕ ಹಾಕುತ್ತದೆ. ಪೈಪು ದಪ್ಪವಾದರೆ ಅಷ್ಟೇ ಗಾಳಿ ನಿಧಾನವಾಗಿ ಹರಿಯುತ್ತದೆ, ಸೆನ್ಸರ್ ಕಡಿಮೆ ಓದುತ್ತದೆ, ಪೆಟ್ರೋಲು ಬೇಕಾದುದಕ್ಕಿಂತ ಕಡಿಮೆ ಬೀಳುತ್ತದೆ. ಅದನ್ನು ಸರಿಪಡಿಸಲು ಮತ್ತೆ ಟ್ಯೂನ್ (ಇಸಿಯು ಸಾಫ್ಟ್‌ವೇರ್‌ನ ಹೊಂದಾಣಿಕೆ) ಮಾಡಿಸಬೇಕು. ಅಲ್ಪ ಲಾಭದ ಬೆನ್ನಿಗೆ ದೊಡ್ಡ ಖರ್ಚು ಬರುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಹಿಂದುಗಡೆಯ ಸೈಲೆನ್ಸರ್ ಬದಲಿಸುವುದೂ ಹೆಚ್ಚುಕಡಿಮೆ ಹೀಗೆಯೇ: ಸದ್ದು ಚೆನ್ನಾಗುತ್ತದೆ, ಕೆಲವು ಕಿಲೋ ತೂಕ ಇಳಿಯುತ್ತದೆ, ಪವರ್ ಬಹುತೇಕ ಅಲ್ಲೇ ಇರುತ್ತದೆ. ಸದ್ದಿಗಾಗಿ ಕೊಳ್ಳುವವರು ಕೊಳ್ಳಲಿ, ಅದರಲ್ಲಿ ತಪ್ಪಿಲ್ಲ, ಆದರೆ ಅದನ್ನು ಎಂಜಿನ್ ಖರ್ಚಿಗೆ ಸೇರಿಸಬಾರದು.

ಹಳ್ಳ ತುಂಬುವ ನಿಜವಾದ ಮಾರ್ಗವೆಂದರೆ ಎಂಜಿನ್‌ಗೆ ಅಂಟಿಕೊಂಡಿರುವ ಹೊಗೆ ಪೈಪುಗಳ ಗೊಂಚಲಾದ ಎಕ್ಸಾಸ್ಟ್ ಹೆಡರ್ ಮತ್ತು ಅದಕ್ಕೆ ತಕ್ಕ ಟ್ಯೂನ್. ಸಿಲಿಂಡರ್‌ಗಳಿಂದ ಹೊರಬರುವ ಹೊಗೆಯ ಒತ್ತಡದ ಅಲೆಗಳು ಪೈಪಿನಲ್ಲಿ ಹಿಂದೆ ಮುಂದೆ ಓಡಾಡಿ, ಯಾವ ಆರ್‌ಪಿಎಂನಲ್ಲಿ ಸಿಲಿಂಡರ್ ಬರಿದಾಗಲು ನೆರವಾಗುತ್ತವೆ, ಯಾವುದರಲ್ಲಿ ಅಡ್ಡಿಯಾಗುತ್ತವೆ ಎನ್ನುವುದು ಪೈಪುಗಳ ಉದ್ದವನ್ನೂ ಅವು ಸೇರುವ ರೀತಿಯನ್ನೂ ಅವಲಂಬಿಸಿದೆ. ಅದನ್ನು ಬದಲಿಸಿ, ವಾಲ್ವ್‌ಗಳು ತೆರೆದು ಮುಚ್ಚುವ ಸಮಯವನ್ನೂ ಕಿಡಿ ಹೊತ್ತಿಸುವ (ಇಗ್ನಿಷನ್) ಸಮಯವನ್ನೂ ಹೊಸದಾಗಿ ಹೊಂದಿಸಿದರೆ ಟಾರ್ಕ್ ಗೆರೆ ಬಹುಮಟ್ಟಿಗೆ ಸಮನಾಗುತ್ತದೆ. ಹೆಡರ್‌ಗೂ ಟ್ಯೂನ್‌ಗೂ ಸೇರಿ ಸಾವಿರದಿಂದ ಸಾವಿರದೈನೂರು ಡಾಲರ್ ಒಳಗೆ ಇಷ್ಟು ಫಲ ಕೊಡುವ ಬೇರೆ ಮಾರ್ಪಾಟು ಈ ಕಾರಿಗಿಲ್ಲ.

ತೊಡಕು ಇರುವುದು ಇಲ್ಲೇ. ಈ ಕಾರಿನಲ್ಲಿ ಹೊಗೆಯ ವಿಷ ತಗ್ಗಿಸುವ ಮೊದಲ ಕ್ಯಾಟಲಿಟಿಕ್ ಕನ್ವರ್ಟರ್ ಹೆಡರ್‌ನೊಳಗೇ ಇದೆ. ಅದನ್ನು ತೆಗೆಯುವುದು ಅಮೆರಿಕದ ಕ್ಲೀನ್ ಏರ್ ಆಕ್ಟ್ ಪ್ರಕಾರ ಎಲ್ಲ ರಾಜ್ಯಗಳಲ್ಲೂ ಕಾನೂನುಬಾಹಿರ, ಕೆಲವು ರಾಜ್ಯಗಳಲ್ಲಿ ಯಾರೂ ನೋಡುವುದಿಲ್ಲ ಎನ್ನುವುದು ಬೇರೆ ಮಾತು. ಕ್ಯಾಲಿಫೋರ್ನಿಯಾದಲ್ಲಂತೂ ನೋಡುತ್ತಾರೆ. ಎಂಟು ವರ್ಷ ದಾಟಿದ ಕಾರುಗಳು ಎರಡು ವರ್ಷಕ್ಕೊಮ್ಮೆ ಹೊಗೆ ತಪಾಸಣೆಯಾದ ಸ್ಮಾಗ್ ಚೆಕ್‌ಗೆ ಹೋಗಬೇಕು. ಅಲ್ಲಿನವರು ಟಾರ್ಚು ಹಿಡಿದು ಪರಿಶೀಲಿಸುವಾಗ, ಬದಲಿಸಿದ ಭಾಗದ ಮೇಲೆ ರಾಜ್ಯದ ವಾಯು ಸಂಪನ್ಮೂಲ ಮಂಡಳಿ ಕೊಟ್ಟ ಅನುಮತಿ ಸಂಖ್ಯೆ ಇರಬೇಕು. 2021ರ ಜುಲೈ 19ರಿಂದ ಇನ್ನೂ ಒಂದು ಪರೀಕ್ಷೆ ಸೇರಿದೆ: ಇಸಿಯುವಿನ ಸಾಫ್ಟ್‌ವೇರ್ ಕಂಪನಿಯ ಮೂಲದ್ದೇ, ಅಥವಾ ಮಂಡಳಿ ಒಪ್ಪಿದ್ದೇ ಎಂದು ಯಂತ್ರವೇ ಓದಿ ನೋಡುತ್ತದೆ. ಎರಡೂ ಅಲ್ಲದಿದ್ದರೆ ಕಾರು ಫೇಲ್. ಪರೀಕ್ಷೆಯ ಹಿಂದಿನ ದಿನ ಹಳೆಯ ಸಾಫ್ಟ್‌ವೇರ್ ಹಾಕಿ, ಹಳೆಯ ಹೆಡರ್ ಕಟ್ಟಿ, ಮಾರನೆಯ ದಿನ ಮತ್ತೆ ಬಿಚ್ಚುವ ಜನ ಇದ್ದಾರೆ. ಕಾನೂನಿನ ಮಾತು ಒತ್ತಟ್ಟಿಗಿರಲಿ, ಆ ಕೂಲಿಯನ್ನೂ ಗ್ಯಾಸ್ಕೆಟ್‌ಗಳ ಬೆಲೆಯನ್ನೂ ಕೂಡಿದರೆ ಅಗ್ಗವೆನಿಸಿದ ಮಾರ್ಪಾಟು ಅಗ್ಗವಾಗಿ ಉಳಿಯುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ನನ್ನ ಮನೆಯ ಬೀದಿಯ ಮಕ್ಕಳು ಉಸಿರಾಡುವ ಗಾಳಿಯನ್ನು ಹದಿನೈದು ಅಶ್ವಶಕ್ತಿಗೆ ಮಾರಿಕೊಳ್ಳಲು ನನಗೆ ಮನಸ್ಸಿಲ್ಲ.

ಇಂಧನದ ವಿಷಯಕ್ಕೆ ಬಂದರೆ, ಇಲ್ಲಿನ ಪಂಪುಗಳಲ್ಲಿ ಸಾಮಾನ್ಯವಾಗಿ ಸಿಗುವ ಅತ್ಯುತ್ತಮ ಪೆಟ್ರೋಲು 91 ಆಕ್ಟೇನ್ (ಅಕಾಲದಲ್ಲಿ ಸಿಡಿಯದೆ ಒತ್ತಡ ತಾಳುವ ಗುಣದ ಅಳತೆ). ಅಮೆರಿಕದ ಅಳತೆ ಬೇರೆಯಾದ್ದರಿಂದ ಭಾರತದ ಲೆಕ್ಕದಲ್ಲಿ ಇದು 95ರ ಆಸುಪಾಸು. 12.5:1 ಕಂಪ್ರೆಷನ್‌ಗೆ ಇದು ಬಿಸಿಲಿನಲ್ಲಿ ಸಾಲದು. ವಿಲೋಸ್ ಊರಿನ ಥಂಡರ್‌ಹಿಲ್ ಟ್ರ್ಯಾಕ್‌ನಲ್ಲಿ ಬೇಸಿಗೆಯ ಮಧ್ಯಾಹ್ನ ಓಡಿಸಿ, ಆಮೇಲೆ ಇಸಿಯು ದಾಖಲೆಯನ್ನು ಲ್ಯಾಪ್‌ಟಾಪಿನಲ್ಲಿ ಬಿಡಿಸಿ ನೋಡಿದರೆ ಇದು ಸಾಲು ಸಾಲಾಗಿ ಕಾಣುತ್ತದೆ: ಒಳಬರುವ ಗಾಳಿಯ ಉಷ್ಣತೆ ಏರುತ್ತದೆ, ನಾಕಿಂಗ್‌ನ (ಇಂಧನ ಅಕಾಲದಲ್ಲಿ ತಾನಾಗಿ ಸಿಡಿಯುವುದು) ಸುಳಿವು ಸಿಕ್ಕ ಕೂಡಲೇ ಇಸಿಯು ಇಗ್ನಿಷನ್ ಟೈಮಿಂಗನ್ನು ಒಂದೆರಡು ಡಿಗ್ರಿ ತಡಮಾಡುತ್ತದೆ, ಬೆಳಗಿನ ತಂಪಿನಲ್ಲಿದ್ದ ಚುರುಕು ಮಧ್ಯಾಹ್ನ ಇರುವುದಿಲ್ಲ. ಎಥನಾಲ್ ಹೆಚ್ಚಿರುವ ಇ85 ಇಂಧನ ಈ ಸಮಸ್ಯೆಗೆ ಒಳ್ಳೆಯ ಮದ್ದು. ಅದರ ಆಕ್ಟೇನ್ ಹೆಚ್ಚು, ಆವಿಯಾಗುವಾಗ ಸಿಲಿಂಡರನ್ನು ತಂಪಾಗಿಸುವ ಗುಣವೂ ಇದೆ. ಆದರೆ ಎಥನಾಲ್‌ನ ಶಕ್ತಿ ಪೆಟ್ರೋಲಿನ ಮೂರನೇ ಎರಡು ಭಾಗದಷ್ಟೇ ಇರುವುದರಿಂದ ಇಂಧನ ಹೆಚ್ಚು ಸುಡುತ್ತದೆ, ಮತ್ತು ಅದಕ್ಕೂ ಬೇರೆ ಟ್ಯೂನ್ ಬೇಕೇ ಬೇಕು. ಸ್ಮಾಗ್ ಪರೀಕ್ಷೆಯಿಲ್ಲದ ಟ್ರ್ಯಾಕ್ ಕಾರಿಗೆ ನಾನು ಕಣ್ಣುಮುಚ್ಚಿ ಸೂಚಿಸುವುದು ಇದನ್ನೇ.

ಎಂಜಿನ್‌ನ ಬಲದಿಂದಲೇ ತಿರುಗಿ ಗಾಳಿಯನ್ನು ಒತ್ತಿ ತುಂಬುವ ಸೂಪರ್‌ಚಾರ್ಜರ್ ಕಿಟ್‌ಗಳಲ್ಲಿ ಕ್ಯಾಲಿಫೋರ್ನಿಯಾದ ಅನುಮತಿ ಸಂಖ್ಯೆ ಇರುವಂಥವೂ ಇವೆ. ಐವತ್ತಕ್ಕೂ ಹೆಚ್ಚು ಅಶ್ವಶಕ್ತಿ ಸೇರುತ್ತದೆ, ಹಾಗಾಗಿ ಒಂದು ಅಶ್ವಶಕ್ತಿಗೆ ಬೀಳುವ ಬೆಲೆ ಕಾಗದದ ಮೇಲೆ ಹೆಡರ್‌ನಷ್ಟೇ ಸಮಂಜಸವಾಗಿ ತೋರುತ್ತದೆ. ಆದರೆ ಕಿಟ್‌ಗೇ ಹಲವು ಸಾವಿರ ಡಾಲರ್, ಹಾಕಿಸುವ ಕೂಲಿ ಪ್ರತ್ಯೇಕ; ನಂತರ ಕ್ಲಚ್, ಆಯಿಲ್ ಕೂಲರ್, ಬ್ರೇಕ್ ಪ್ಯಾಡ್ ಒಂದೊಂದಾಗಿ ಕೈಚಾಚುತ್ತವೆ. ಈ ಎಂಜಿನ್‌ನ ಪಿಸ್ಟನ್‌ಗಳನ್ನು ಹಿಡಿದಿರುವ ಕನೆಕ್ಟಿಂಗ್ ರಾಡ್‌ಗಳು ಹೆಚ್ಚಿನ ಟಾರ್ಕ್‌ಗೆಂದು ಮಾಡಿದವಲ್ಲ. ಇಷ್ಟು ಹಣ ಸುರಿಯುವ ಮುನ್ನ ಎರಡನೇ ತಲೆಮಾರಿನ ಬಿಆರ್‌ಝಡ್‌ನತ್ತ ನೋಡಬೇಕು. 2022ರ ಮಾದರಿಯಾಗಿ ಬಂದ ಆ ಕಾರಿನ 2387 ಸಿಸಿ ಎಂಜಿನ್ 228 ಅಶ್ವಶಕ್ತಿ ಕೊಡುತ್ತದೆ, ಅದಕ್ಕಿಂತ ಮಿಗಿಲಾಗಿ 249 ನ್ಯೂಟನ್ ಮೀಟರ್ ಟಾರ್ಕನ್ನು 3700 ಆರ್‌ಪಿಎಂನಲ್ಲೇ ಕೊಡುತ್ತದೆ. ನಮ್ಮ ಕಾರಿನಲ್ಲಿ ಹಳ್ಳ ಇರುವ ಕಡೆ ಅದರಲ್ಲಿ ಶಿಖರವಿದೆ. ಹಳೆಯದನ್ನು ಮಾರಿ ಮೇಲೆ ಹಣ ಹಾಕಿ ಅದನ್ನೇ ಕೊಳ್ಳುವುದು, ಸೂಪರ್‌ಚಾರ್ಜರ್‌ನ ಪೂರ್ತಿ ಬಾಬತ್ತಿನ ಪಕ್ಕದಲ್ಲಿಟ್ಟು ನೋಡಿದರೆ, ಅನೇಕರಿಗೆ ಹೆಚ್ಚು ಲಾಭದಾಯಕ.

ನನ್ನ ಕಾರಿಗೆ ನಾನು ಆರಿಸಿಕೊಂಡಿದ್ದು ಎಂಜಿನ್ನನ್ನೇ ಮುಟ್ಟದ ದಾರಿ. ಮ್ಯಾನ್ಯುವಲ್ ಗೇರ್‌ಬಾಕ್ಸ್ ಇರುವ 2017ರ ಮಾದರಿಗಳಿಗೆ ಕಂಪನಿಯವರು ಡಿಫರೆನ್ಷಿಯಲ್ ಅನುಪಾತವನ್ನು 4.1ರಿಂದ 4.3ಕ್ಕೆ ಏರಿಸಿದರು. ಆ ಗೇರನ್ನು ಹಳೆಯ ಕಾರಿಗೆ ಹಾಕಿದರೆ ಎಲ್ಲ ಗೇರುಗಳಲ್ಲೂ, ಎಲ್ಲ ಆರ್‌ಪಿಎಂಗಳಲ್ಲೂ, ಚಕ್ರಕ್ಕೆ ತಲುಪುವ ಟಾರ್ಕ್ ಶೇ. 4.9ರಷ್ಟು ಹೆಚ್ಚುತ್ತದೆ. ಗರಿಷ್ಠ ಟಾರ್ಕ್ 205ರಿಂದ 215 ಆದಂತೆಯೇ ಅದರ ಪರಿಣಾಮ. ಎರಡನೇ ಗೇರಿನಲ್ಲಿ ಹಳ್ಳವನ್ನು ಗಂಟೆಗೆ 60ರ ಬದಲು 56 ಕಿಲೋಮೀಟರ್ ಆಸುಪಾಸಿನಲ್ಲೇ ದಾಟುತ್ತೇವೆ. ಇಸಿಯುವಿಗೆ ಕೈ ಹಾಕಬೇಕಾಗಿಲ್ಲ, ಹೊಗೆಯಲ್ಲಿ ವ್ಯತ್ಯಾಸವಿಲ್ಲ, ಸ್ಮಾಗ್ ಚೆಕ್‌ನವರಿಗೆ ಇದರ ಗೊಡವೆಯೇ ಇಲ್ಲ. ತೆರಬೇಕಾದ ಬೆಲೆ ಹೆದ್ದಾರಿಯಲ್ಲಿದೆ: ಆರನೇ ಗೇರಿನಲ್ಲಿ 65 ಮೈಲಿ ವೇಗಕ್ಕೆ 2800 ಇದ್ದ ಆರ್‌ಪಿಎಂ 2930ರ ಹತ್ತಿರ ಬರುತ್ತದೆ, ಮೈಲೇಜ್ ಸ್ವಲ್ಪ ಇಳಿಯುತ್ತದೆ. ಘಾಟಿಯಲ್ಲಿ ಓಡಿಸುವವನಿಗೆ ಇದು ದೊಡ್ಡ ನಷ್ಟವಲ್ಲ.

ಈ ಕೆಲಸವನ್ನು ಎಲ್ಲ ಮೆಕ್ಯಾನಿಕ್‌ಗಳಿಗೂ ಒಪ್ಪಿಸಬಾರದು. ಡಿಫರೆನ್ಷಿಯಲ್‌ನೊಳಗಿನ ಚಿಕ್ಕ ಪಿನಿಯನ್ ಗೇರು ಎಷ್ಟು ಆಳಕ್ಕೆ ಕೂರಬೇಕು, ಹಲ್ಲುಗಳ ನಡುವೆ ಎಷ್ಟು ಸಡಿಲ ಇರಬೇಕು ಎನ್ನುವುದನ್ನು ತೆಳು ಲೋಹದ ಬಿಲ್ಲೆಗಳಾದ ಶಿಮ್‌ಗಳನ್ನು ಸೇರಿಸುತ್ತ, ತೆಗೆಯುತ್ತ ಹೊಂದಿಸಬೇಕು. ಹಲ್ಲುಗಳಿಗೆ ಬಣ್ಣದ ಪೇಸ್ಟ್ ಸವರಿ ತಿರುಗಿಸಿ, ಬಣ್ಣ ಎಲ್ಲಿ ಅಳಿಸಿದೆ ಎಂದು ನೋಡಿ, ಒತ್ತಡ ಹಲ್ಲಿನ ನಡುಭಾಗದಲ್ಲಿ ಬೀಳುತ್ತಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಆ ಪೇಸ್ಟ್‌ನ ಗುರುತನ್ನು ಫೋಟೋ ತೆಗೆದು ತೋರಿಸುವ ಗ್ಯಾರೇಜನ್ನೇ ಹುಡುಕಿ. ಹಾಕಿಸಿದ ಮೇಲೆ ಮೊದಲ ಐನೂರು ಮೈಲಿ ಆಕ್ಸಿಲರೇಟರನ್ನು ಪೂರ್ತಿ ತುಳಿಯದೆ ಓಡಿಸಿ, ಡಿಫರೆನ್ಷಿಯಲ್‌ನ ಆಯಿಲ್ ಬದಲಿಸಿ, ಆಮೇಲಷ್ಟೇ ಟ್ರ್ಯಾಕ್‌ಗೆ ಒಯ್ಯಿರಿ.