ಸಜ್ಜಾದ "ಹೊಸದು" ಡಬ್ಬ ಕೊನೆಗೂ ಇಳಿಯಿತು: ಹಳೇ ಕಂಪ್ಯೂಟರ್ ರ್‍ಯಾಕ್, ಇಲ್ಲಿವರೆಗಿನ ಕಥೆ

ನಮ್ಮನೆ ಸಜ್ಜಾ ಮೇಲೆ ಒಂದು ರಟ್ಟಿನ ಡಬ್ಬ ಇತ್ತು. ಮೇಲೆ ದಪ್ಪ ಮಾರ್ಕರ್‌ನಲ್ಲಿ ನನ್ನದೇ ಕೈಬರಹ: "ಹೊಸದು". 2009ರಲ್ಲಿ ಮನೆ ಬದಲಾಯಿಸುವಾಗ ಬರೆದಿದ್ದು. ಇಳಿಸಿ ಬಿಚ್ಚಿದರೆ ಒಳಗೆ ಇಂಟೆಲ್‌ನ ಪೆಂಟಿಯಂ 4 ಪ್ರೊಸೆಸರ್‌ನ ಮದರ್‌ಬೋರ್ಡ್‌ಗಳು, ಒಂದು ಕೋರ್ 2 ಡ್ಯುಯೋ, ಒಂದು ಹಿಡಿ ರ್‍ಯಾಮ್, ಹಾರ್ಡ್ ಡಿಸ್ಕ್‌ಗೆ ಹೋಗೋ ಸಿಕ್ಕುಸಿಕ್ಕಾದ ಐಡಿಇ ಕೇಬಲ್. ಮಗಳು ಬಗ್ಗಿ ನೋಡಿ "ಇದರಲ್ಲಿ ಹೊಸದು ಯಾವುದಪ್ಪಾ?" ಅಂದಳು. ಅವಳು ಹುಟ್ಟಿದ್ದು 2012ರಲ್ಲಿ. ಡಬ್ಬದಲ್ಲಿದ್ದ ಎಲ್ಲವೂ ಅವಳಿಗಿಂತ ದೊಡ್ಡವು.

ಇಷ್ಟು ವರ್ಷ ನನ್ನ ಹತ್ತಿರ ಇದ್ದಿದ್ದು ಮೂರೇ ವಿಭಾಗ. 386, 486 ಪ್ರೊಸೆಸರ್‌ನವೆಲ್ಲ "ತುಂಬಾ ಹಳೇದು". ಪೆಂಟಿಯಂ 1ರಿಂದ 3ರವರೆಗೆ "ಹಳೇದು". ಮಿಕ್ಕಿದ್ದೆಲ್ಲ "ಹೊಸದು". ಈ ಮಿಕ್ಕಿದ್ದೆಲ್ಲ ಅನ್ನೋದು ಊದಿಕೊಂಡು ಊದಿಕೊಂಡು ಸಜ್ಜಾದಿಂದ ಮಂಚದ ಕೆಳಗೆ, ಅಲ್ಲಿಂದ ದೇವರಮನೆ ಪಕ್ಕದ ಮೂಲೆಗೆ ಬಂದು ನಿಂತಾಗ ಮನೆಯಲ್ಲಿ ಮಾತು ಬಂತು. ಗುಜರಿಗೆ ಹಾಕು, ಇಲ್ಲ ಒಂದು ಕಡೆ ಜೋಡಿಸು. ಕಬ್ಬಿಣದ ಆಂಗಲ್ ರ್‍ಯಾಕ್ ಒಂದು ತಂದೆ. ಐದು ಅಂತಸ್ತು.

ಮೊದಲ ಭಾನುವಾರ

ವರ್ಷದ ಪ್ರಕಾರ ಜೋಡಿಸೋಣ ಅಂತ ಶುರು ಮಾಡಿದೆ. ನೆಲಕ್ಕೆ ಹಳೇ ಬೆಡ್‌ಶೀಟ್ ಹಾಸಿ ಎಲ್ಲವನ್ನೂ ಸಾಲಾಗಿ ಇಟ್ಟೆ. 486 ಬಂದಿದ್ದು 1989, ಪೆಂಟಿಯಂ 1993, ಪೆಂಟಿಯಂ 2 1997, ಪೆಂಟಿಯಂ 3 1999. ಅಲ್ಲಿವರೆಗೂ ಚೆನ್ನಾಗೇ ಹೋಯಿತು.

2004ಕ್ಕೆ ಬಂದಾಗ ಲೆಕ್ಕ ಕೆಟ್ಟಿತು. ಆ ವರ್ಷ ಇಂಟೆಲ್ 775 ಸಾಕೆಟ್ (ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರೋ ಜಾಗ) ತಂದಿತು, ಅದಕ್ಕೆ ಮುಂಚೆ ಇದ್ದಿದ್ದು 478. ಪ್ರೊಸೆಸರ್ ಅಡಿಯಲ್ಲಿದ್ದ ಪಿನ್‌ಗಳೆಲ್ಲ ಬೋರ್ಡ್‌ಗೆ ಹೋದವು. ಜೊತೆಗೇ ಗ್ರಾಫಿಕ್ಸ್ ಕಾರ್ಡ್ ಚುಚ್ಚೋ ಎಜಿಪಿ ಸ್ಲಾಟ್ ಜಾಗಕ್ಕೆ ಪಿಸಿಐ ಎಕ್ಸ್‌ಪ್ರೆಸ್, ಡಿಡಿಆರ್ ರ್‍ಯಾಮ್ ಜಾಗಕ್ಕೆ ಡಿಡಿಆರ್ 2 ಬಂತು. ಆದರೆ ಹಳೇದು ಅವತ್ತೇ ನಿಲ್ಲಲಿಲ್ಲ, ಅಂಗಡಿಗಳಲ್ಲಿ ಎರಡೂ ಅಕ್ಕಪಕ್ಕ ಇರುತ್ತಿದ್ದವು. ನನ್ನ ಬೆಡ್‌ಶೀಟ್ ಮೇಲೆ ಎರಡು ಬೋರ್ಡ್ ಇದ್ದವು, ಎರಡೂ ಪೆಂಟಿಯಂ 4. ಒಂದರ ಪ್ರೊಸೆಸರ್ ಇನ್ನೊಂದಕ್ಕೆ ಕೂರಲ್ಲ, ರ್‍ಯಾಮ್ ಕೂರಲ್ಲ, ಗ್ರಾಫಿಕ್ಸ್ ಕಾರ್ಡ್ ಕೂರಲ್ಲ. ಮನೆತನದ ಹೆಸರು ಒಂದೇ, ಕೊಡು ಕೊಳ್ಳುವುದು ಏನೂ ಇಲ್ಲ.

ಇನ್ನೂ ಒಂದು ತಮಾಷೆ. ಪೆಂಟಿಯಂ 3ನ್ನು ನಾನು "ಹಳೇದು" ಡಬ್ಬಕ್ಕೆ ಹಾಕಿದಾಗ ಅದಕ್ಕೆ ಹತ್ತು ವರ್ಷ. ಆಗಲೇ ಅದು ಏನಕ್ಕೂ ಬರುತ್ತಿರಲಿಲ್ಲ. ಈಗ ಹಾಲ್‌ನಲ್ಲಿ ಹೆಂಡತಿ ಟ್ಯೂಷನ್ ಲೆಕ್ಕ ಬರೆಯೋ ಕಂಪ್ಯೂಟರ್ 2011ರ ಸ್ಯಾಂಡಿ ಬ್ರಿಡ್ಜ್ ಪ್ರೊಸೆಸರ್‌ನದು. ವೇಗದ ಡಿಸ್ಕ್ (ಎಸ್‌ಎಸ್‌ಡಿ) ಒಂದು ಹಾಕಿದ್ದು ಬಿಟ್ಟರೆ ಅದಕ್ಕೆ ನಾನು ಏನೂ ಮಾಡಿಲ್ಲ, ಆರಾಮಾಗಿ ಓಡುತ್ತಿದೆ. ಅದನ್ನು ಹಳೇದು ಅಂತ ರ್‍ಯಾಕ್‌ಗೆ ಏರಿಸಿದರೆ ಊಟ ಸಿಗಲ್ಲ.

ಹಾಗಾಗಿ ವರ್ಷ ಬಿಟ್ಟೆ. ಯಾವುದು ಯಾವುದರ ಜೊತೆ ಸೇರುತ್ತೆ, ಅದೇ ವಿಭಾಗ. ಕೆಳಗಿನ ಅಂತಸ್ತು ಐಎಸ್‌ಎ, ಅಂದರೆ ತೀರಾ ಹಳೇ ಕಾಲದ ಕಾರ್ಡ್ ಸ್ಲಾಟ್ ಇರೋ ಬೋರ್ಡ್‌ಗಳು. ಅದರ ಮೇಲೆ ಎಜಿಪಿ, ಅದರ ಜೊತೆ ಎಸ್‌ಡಿ ರ್‍ಯಾಮ್ ಮತ್ತು ಡಿಡಿಆರ್. ಮೂರನೆಯದು 775 ಸಾಕೆಟ್ ಮತ್ತು ಅದರ ಬಳಗ. ನಾಲ್ಕನೆಯದು ಇವತ್ತಿಗೂ ಉಪಯೋಗಕ್ಕೆ ಬರುವಂಥದ್ದು. ಮೇಲಿನದಕ್ಕೆ ಕೇಬಲ್, ಸ್ಕ್ರೂ, ಕಂಪ್ಯೂಟರ್‌ಗೆ ಕರೆಂಟ್ ಕೊಡೋ ಪೆಟ್ಟಿಗೆ ಎಸ್‌ಎಂಪಿಎಸ್. (ಭಾರದ ಎಸ್‌ಎಂಪಿಎಸ್ ತುದಿಯಲ್ಲಿಟ್ಟಿದ್ದು ದಡ್ಡತನ. ರ್‍ಯಾಕ್ ವಾಲಾಡಿತು, ಮಾರನೇ ದಿನವೇ ಕೆಳಗಿಳಿಸಿದೆ.)

ತಕರಾರು ಬಂದಿದ್ದು ಒಂದೇ ಬೋರ್ಡ್‌ಗೆ. ಇಂಟೆಲ್ 440 ಬಿಎಕ್ಸ್ ಚಿಪ್‌ಸೆಟ್‌ನದು, 1998ರ ಕಾಲದ್ದು. ಅದರಲ್ಲಿ ಐಎಸ್‌ಎ ಇದೆ, ಅದರ ನಂತರ ಬಂದ ಪಿಸಿಐ ಇದೆ, ಎಜಿಪಿಯೂ ಇದೆ. ಯಾವ ಅಂತಸ್ತಿಗೆ? ಕಾಫಿ ಕುಡಿಯುತ್ತಾ ಅರ್ಧ ಗಂಟೆ ಅದನ್ನೇ ನೋಡುತ್ತಾ ಕೂತಿದ್ದೆ. ಎಜಿಪಿ ಇರೋ ಬೋರ್ಡ್ ನನ್ನ ಹತ್ತಿರ ಬೇಕಾದಷ್ಟಿವೆ. ಐಎಸ್‌ಎ ಸೌಂಡ್ ಕಾರ್ಡ್‌ಗೆ ಜಾಗ ಕೊಡೋ ಗಟ್ಟಿ ಬೋರ್ಡ್ ಕಡಿಮೆ. ಕೊನೆಗೆ ಕೆಳಗೆ ಹೋಯಿತು. ಯಾವ ಕಾರ್ಡ್‌ಗೆ ಬೇರೆ ದಿಕ್ಕಿಲ್ಲವೋ ಅದರ ಜೊತೆ ಬೋರ್ಡ್ ಇರಲಿ.

ಎರಡನೇ ವಾರ

ಜೋಡಿಸುವಾಗಲೇ ಒಂದೊಂದನ್ನೂ ಆನ್ ಮಾಡಿ ನೋಡಿದೆ. ಹಳೇದೇ ಮೊದಲು ಸತ್ತಿರುತ್ತೆ ಅಂದುಕೊಂಡಿದ್ದೆ. ಹಾಗಿರಲಿಲ್ಲ. ಪೆಂಟಿಯಂ 2, 3 ಎಲ್ಲ ಜೀವ ಹಿಡಿದುಕೊಂಡಿದ್ದವು. ಸತ್ತು ಮಲಗಿದ್ದು "ಹೊಸದು" ಡಬ್ಬದವು. 478 ಸಾಕೆಟ್‌ನ ಆರು ಬೋರ್ಡ್‌ನಲ್ಲಿ ನಾಲ್ಕರ ಕೆಪಾಸಿಟರ್ (ವಿದ್ಯುತ್ ಹಿಡಿದಿಟ್ಟು ಸಮ ಮಾಡೋ ಪುಟ್ಟ ಡಬ್ಬಿಗಳು) ಉಬ್ಬಿದ್ದವು. ಪ್ರೊಸೆಸರ್ ಪಕ್ಕ ಸಾಲಾಗಿ ನಿಂತಿರುತ್ತವಲ್ಲ, ಅವುಗಳ ತಲೆ ಚಪ್ಪಟೆ ಇರಬೇಕು. ಇವು ಪೂರಿ ಥರ ಉಬ್ಬಿ, ಎರಡರ ನೆತ್ತಿ ಬಿರಿದು ಕಂದು ಅಂಟು ಒಣಗಿತ್ತು. 1999ರಿಂದ ಸುಮಾರು 2007ರವರೆಗೆ ತಯಾರಾದ ಎಷ್ಟೋ ಬೋರ್ಡ್‌ಗಳ ಹಣೆಬರಹ ಇದು. ಕೆಪಾಸಿಟರ್ ಒಳಗಿನ ದ್ರವ ಕಳಪೆ ಇತ್ತು, ಗ್ಯಾಸ್ ತುಂಬಿಕೊಂಡು ತಲೆ ಒಡೆಯುತ್ತಿತ್ತು.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್.ಪಿ. ರೋಡ್‌ಗೆ ಹೋಗಿ 3300 ಮೈಕ್ರೋಫ್ಯಾರಡ್, 6.3 ವೋಲ್ಟ್, 105 ಡಿಗ್ರಿ ಬಿಸಿ ತಡೆಯೋ ಕೆಪಾಸಿಟರ್ ಇಪ್ಪತ್ತು ತಂದೆ. 85 ಡಿಗ್ರಿಯದು ಕೊಟ್ಟರೆ ತಗೋಬೇಡಿ, ಪ್ರೊಸೆಸರ್ ಪಕ್ಕದ ಬಿಸಿಗೆ ಅದು ಬಾಳಲ್ಲ. ಮೊದಲನೇ ಬೋರ್ಡ್ ಎರಡು ಗಂಟೆ ಹಿಡಿಯಿತು. ಹಳೇ ಸಾಲ್ಡರ್ (ಬೆಸುಗೆ ಲೋಹ) ತೂತಿನಿಂದ ಬಿಟ್ಟು ಬರಲ್ಲ, ಬೋರ್ಡ್ ಎಲ್ಲ ಬಿಸಿಯನ್ನೂ ಕುಡಿದುಬಿಡುತ್ತೆ. ಹೊಸ ಸಾಲ್ಡರ್ ಸ್ವಲ್ಪ ಮೇಲೆ ಹಾಕಿ ಕರಗಿಸಿದ ಮೇಲೆ ಸಲೀಸಾಯಿತು.

ಎರಡನೇ ಬೋರ್ಡ್‌ನಲ್ಲಿ ಎಡವಟ್ಟು. ಬೋರ್ಡ್ ಮೇಲೆ ಕೆಪಾಸಿಟರ್ ಜಾಗಕ್ಕೆ ಒಂದು ವೃತ್ತ ಇರುತ್ತೆ, ಅರ್ಧ ಬಣ್ಣ ಹಚ್ಚಿರುತ್ತೆ. ಬಣ್ಣ ಇರೋ ಕಡೆ ಮೈನಸ್ ಅಂತ ವಾಡಿಕೆ. ಈ ಬೋರ್ಡ್ ಮಾಡಿದವರು ಉಲ್ಟಾ ಇಟ್ಟಿದ್ದರು, ನಾನು ವಾಡಿಕೆ ನಂಬಿ ಒಂದನ್ನು ಕೂರಿಸಿದೆ. ಆನ್ ಮಾಡಿ ಮೂರು ಸೆಕೆಂಡ್ ಆಗಿರಬಹುದು, ದೀಪಾವಳಿ ಪಟಾಕಿ ಸದ್ದು, ಆಮೇಲೆ ಮೀನು ಸುಟ್ಟ ವಾಸನೆ. ಅಮ್ಮ ಒಳಗಿಂದ "ಏನೋ ಅದು?" ಅಂದರು. ಏನಿಲ್ಲಮ್ಮ ಅಂದೆ. ಈಗ ಹಳೇದನ್ನು ತೆಗೆಯೋ ಮೊದಲು ಫೋನ್‌ನಲ್ಲಿ ಫೋಟೋ ಹೊಡೀತೀನಿ. ಪುಣ್ಯಕ್ಕೆ ಬೋರ್ಡ್ ಉಳಿಯಿತು.

486 ಬೋರ್ಡ್‌ನದು ಬೇರೆ ರೋಗ. ಅದರ ಮೇಲೆ ಪುಟ್ಟ ಪೀಪಾಯಿ ಆಕಾರದ ನೀಲಿ ಬ್ಯಾಟರಿ, 3.6 ವೋಲ್ಟ್ ನಿಕಲ್ ಕ್ಯಾಡ್ಮಿಯಂ. ಸೋರಿ ಸುತ್ತಲೂ ಹಸಿರು ಕಿಲುಬು ಹಿಡಿದಿತ್ತು. ಅಮ್ಮ ನೋಡಿ "ಹಿತ್ತಾಳೆ ಚೊಂಬಿಗೆ ಹಿಡಿಯೋ ಥರಾನೇ ಇದೆ, ಹುಣಸೆಹಣ್ಣು ಹಚ್ಚು" ಅಂದರು. ನಗು ಬಂತು, ಆದರೆ ಅವರು ಹೇಳಿದ್ದು ಹೆಚ್ಚೂಕಡಿಮೆ ಸರಿ. ಸೋರಿದ್ದು ಕ್ಷಾರ, ಅದಕ್ಕೆ ಹುಳಿ ಬೇಕು. ನಾನು ಬಿಳಿ ವಿನೆಗರ್ ಹಾಕಿ ಹಳೇ ಹಲ್ಲುಜ್ಜೋ ಬ್ರಷ್‌ನಿಂದ ತಿಕ್ಕಿದೆ, ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿದೆ. ಬೋರ್ಡ್ ಎದ್ದಿತು, ಕೀಬೋರ್ಡ್ ಮಾತ್ರ ಇಲ್ಲ ಅಂತ ಹೇಳುತ್ತಿತ್ತು. ಬ್ಯಾಟರಿ ಇದ್ದಿದ್ದು ಕೀಬೋರ್ಡ್ ಸಾಕೆಟ್ ಪಕ್ಕದಲ್ಲೇ, ಒಂದು ತಾಮ್ರದ ಗೆರೆ ಪೂರ್ತಿ ತಿಂದು ಹೋಗಿತ್ತು. ಕೂದಲಿನಷ್ಟು ಸಣ್ಣ ತಂತಿಯಿಂದ ಸೇರಿಸಿದೆ. ಈಗ ಟೈಪ್ ಆಗುತ್ತೆ.

ನಿಮ್ಮ ಮನೆಯಲ್ಲಿ 386, 486 ಇದ್ದರೆ ಈ ವಾರವೇ ಆ ಪೀಪಾಯಿ ಕತ್ತರಿಸಿ ತೆಗೆಯಿರಿ. ಮಿಕ್ಕ ಕೆಲಸ ಆಮೇಲಾದರೂ ನಡೆಯುತ್ತೆ.

ಮೂರನೇ ವಾರ

ಹಳೇ ಎಸ್‌ಎಂಪಿಎಸ್ ಬಿಸಾಕಲು ಹೊರಟಿದ್ದೆ, ನಿಲ್ಲಿಸಿದೆ. ಹೊಸ ಎಸ್‌ಎಂಪಿಎಸ್ ಬಹುಪಾಲು ಶಕ್ತಿಯನ್ನು 12 ವೋಲ್ಟ್‌ನಲ್ಲಿ ಕೊಡುತ್ತೆ, ಪೆಂಟಿಯಂ 3 ಕಾಲದ ಬೋರ್ಡ್‌ಗಳು ಜಾಸ್ತಿ ಎಳೆಯೋದು 5 ವೋಲ್ಟ್‌ನಲ್ಲಿ. ಮೈನಸ್ 5 ವೋಲ್ಟ್ ಅಂತೂ ಹೊಸದರಲ್ಲಿ ಇಲ್ಲವೇ ಇಲ್ಲ, ಕೆಲವು ಐಎಸ್‌ಎ ಸೌಂಡ್ ಕಾರ್ಡ್ ಅದಿಲ್ಲದೆ ಬಾಯಿ ಬಿಡಲ್ಲ. ಮೂರು ಉಳಿಸಿಕೊಂಡೆ. ಹಾರ್ಡ್ ಡಿಸ್ಕ್‌ಗಳ ಬಗ್ಗೆ ಹೇಳೋಕೆ ಏನಿಲ್ಲ. ಹನ್ನೊಂದರಲ್ಲಿ ನಾಲ್ಕು ಟಕ ಟಕ ಅಂತಾವೆ. ಆ ಮೆಷಿನ್‌ಗಳಿಗೆ ಡಿಸ್ಕ್ ಬದಲು ಕಾಂಪ್ಯಾಕ್ಟ್ ಫ್ಲಾಶ್ ಮೆಮೊರಿ ಕಾರ್ಡ್ ಹಾಕ್ತೀನಿ.

ಲೇಬಲ್ ಬರೆಯೋ ಕೆಲಸ ಮಗಳದು. ನಾಲ್ಕನೇ ಅಂತಸ್ತಿಗೆ "ಹೊಸದು" ಅಂತ ಬರಿ ಅಂದೆ, ಬರೆಯಲ್ಲ ಅಂದಳು. ಅಲ್ಲಿಟ್ಟಿರೋದು ನನ್ನ ಏಳನೇ ತಲೆಮಾರಿನ ಇಂಟೆಲ್ ಐ5 ಕಂಪ್ಯೂಟರ್. ವಿಂಡೋಸ್ 11ಕ್ಕೆ ಅದು ಲಾಯಕ್ಕಿಲ್ಲ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ ಬದಲು ಲಿನಕ್ಸ್ ಹಾಕಿ ಓಡಿಸುತ್ತಿದ್ದೇನೆ. ಅವಳು "ಓಡ್ತಿದೆ" ಅಂತ ಬರೆದಳು. ಪೆನ್ಸಿಲ್‌ನಲ್ಲಿ.

ಇವತ್ತು

ರ್‍ಯಾಕ್ ತುಂಬಿದೆ, ನೆಲ ಕಾಣುತ್ತಿದೆ. ಒಂದೇ ಒಂದು ಕಾರ್ಡ್ ಮೇಜಿನ ಮೇಲೆ ಉಳಿದಿದೆ: ಸಿ-ಡ್ಯಾಕ್ ಅನ್ನೋ ಸರ್ಕಾರಿ ಸಂಸ್ಥೆಯ ಜಿಸ್ಟ್ ಕಾರ್ಡ್. ವಿಂಡೋಸ್‌ಗೆ ಮುಂಚಿನ ಡಾಸ್ ಕಾಲದಲ್ಲಿ ಕಂಪ್ಯೂಟರ್‌ನಲ್ಲಿ ಕನ್ನಡ ಬರಬೇಕು ಅಂದರೆ ಹೀಗೆ ಒಂದು ಕಾರ್ಡನ್ನೇ ಐಎಸ್‌ಎ ಸ್ಲಾಟ್‌ಗೆ ಚುಚ್ಚುತ್ತಿದ್ದರು. ಅಕ್ಷರ ಮೂಡಿಸೋ ಕೆಲಸ ಕಾರ್ಡ್‌ನದು, ಹಾಗಾಗಿ ಕನ್ನಡದ ಗಂಧವೇ ಇಲ್ಲದ ಡಾಸ್ ಪ್ರೋಗ್ರಾಂನಲ್ಲೂ ಕನ್ನಡ ಬರುತ್ತಿತ್ತು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಕನ್ನಡದ ತುಂಗಾ ಫಾಂಟ್ ಜೊತೆಗೇ ಬಂದ ಮೇಲೆ ಕಾರ್ಡ್‌ನ ಮಾತೇ ಇಲ್ಲ. ನನ್ನ ನಿಯಮದ ಪ್ರಕಾರ ಇದು ಕೆಳಗಿನ ಅಂತಸ್ತಿಗೆ ಹೋಗಬೇಕು, ಸೌಂಡ್ ಕಾರ್ಡ್‌ಗಳ ಪಕ್ಕ. ಯಾಕೋ ಇಡೋಕೆ ಮನಸ್ಸಾಗಲಿಲ್ಲ. 486 ಮೆಷಿನ್‌ಗೇ ಹಾಕಿ ಓಡಿಸೋಣ ಅಂತ ಇದ್ದೇನೆ.

ಕಾರ್ಡ್ ಜೊತೆ ಸಿಕ್ಕಿರೋ ಫ್ಲಾಪಿ 5.25 ಇಂಚಿನದು. ಡ್ರೈವ್ ಇದೆ. ಕೇಬಲ್ ಇಲ್ಲ. 3.5 ಇಂಚಿನ ಡ್ರೈವ್‌ನ ಕೇಬಲ್ ಇದಕ್ಕೆ ಕೂರಲ್ಲ, ಡ್ರೈವ್‌ನ ಬೋರ್ಡ್ ಅಂಚನ್ನೇ ಕಚ್ಚಿ ಹಿಡಿಯೋ ಅಗಲ ಬಾಯಿಯ ಕನೆಕ್ಟರ್ ಬೇಕು. ಎಸ್.ಪಿ. ರೋಡ್‌ನಲ್ಲಿ ನಾಲ್ಕು ಅಂಗಡಿ ಕೇಳಿದೆ. ಒಬ್ಬರು "ಯಾವ ಕಾಲದಲ್ಲಿದ್ದೀರಾ ಸಾರ್" ಅಂದರು, ಇನ್ನೊಬ್ಬರು ಫೋನ್ ನಂಬರ್ ಬರೆದುಕೊಂಡರು. ನಿಮ್ಮ ಸಜ್ಜಾ ಮೇಲೆ ಅಂಥ ಕೇಬಲ್ ಒಂದು ಇದ್ದರೆ ಗುಜರಿಗೆ ಹಾಕಬೇಡಿ, ನನಗೆ ಹೇಳಿ. ಬಂದು ತಗೊಂಡು ಹೋಗ್ತೀನಿ.