ನದಿಗಳನ್ನು ನುಂಗುವ ನೆಲದಲ್ಲಿ

ಸ್ಲೊವೇನಿಯಾಕ್ಕೆ ಬಂದವರೆಲ್ಲ ಬ್ಲೆಡ್ ಸರೋವರದ ಫೋಟೋ ತೆಗೆಯುತ್ತಾರೆ. ನಾನು ತ್ಸೆರ್ಕ್‌ನಿತ್ಸಾ ಕಡೆಯ ಬಸ್ ಹತ್ತಿದೆ. ಅಲ್ಲಿಯ ಸರೋವರ ಮಳೆ ಜೋರಾದರೆ 20 ಚದರ ಕಿಲೋಮೀಟರಿಗೂ ಜಾಸ್ತಿ ಹರಡುತ್ತದೆ, ಬೇಸಿಗೆಯ ಕೊನೆಗೆ ಬರೀ ಹುಲ್ಲುಗಾವಲು. ನಾನು ಹೋದಾಗ ಒಣಗಿತ್ತು. ಹುಲ್ಲಿನ ನಡುವೆ ಒಂದು ಗುಂಡಿ, ತಳದಲ್ಲಿ ಬಿರುಕುಬಿಟ್ಟ ಕೆಸರು, ಪಕ್ಕದ ಸುಣ್ಣಕಲ್ಲಿನಲ್ಲಿ ಕೈ ತೂರುವಷ್ಟು ಸಂದು. ಸರೋವರ ಖಾಲಿಯಾಗುವುದು ಇಂಥ ಬಾಯಿಗಳಿಂದಲೇ.

ಈ ಸರೋವರದ ನೆಲದಡಿ ತೊಟ್ಟಿಗಳಿವೆ, ಅವುಗಳ ನಡುವೆ ಸೈಫನ್‌ಗಳಿವೆ, ಅಂದರೆ ನೀರನ್ನು ಏರಿಸಿ ಇಳಿಸುವ ಬಾಗಿದ ಕೊಳವೆಗಳಿವೆ ಎಂದು ವಾಲ್ವಾಸೋರ್ ಎಂಬ ವಿದ್ವಾಂಸ ಹೇಳಿದ್ದ. ಲಂಡನ್ನಿನ ರಾಯಲ್ ಸೊಸೈಟಿ 1687ರಲ್ಲಿ ಅವನನ್ನು ಸದಸ್ಯನನ್ನಾಗಿ ಸೇರಿಸಿಕೊಂಡಿತು. ಸೈಫನ್ ಕಥೆ ಬಿದ್ದುಹೋಯಿತು, ತೊಟ್ಟಿಯ ಕಲ್ಪನೆ ಉಳಿಯಿತು. ಮಳೆ ನೋಡಿ ನೆರೆ ಅಂದಾಜಿಸುವ ಇವತ್ತಿನ ಎಷ್ಟೋ ಲೆಕ್ಕಾಚಾರದ ಮಾಡೆಲ್‌ಗಳಲ್ಲಿ ಸುಣ್ಣಕಲ್ಲಿನ ಬೆಟ್ಟವೆಂದರೆ ಎರಡು ಮೂರು ತೊಟ್ಟಿ, ಅಷ್ಟೇ. ದೊಡ್ಡ ಸುರಂಗಗಳ ತೊಟ್ಟಿ ಬೇಗ ಬರಿದಾಗುತ್ತದೆ. ಸಣ್ಣ ಬಿರುಕುಗಳದ್ದು ತಿಂಗಳುಗಟ್ಟಲೆ ಸೋರುತ್ತದೆ. ಇವು ಮೊದಲೇ ತುಂಬಿದ್ದರೆ ಸಾಧಾರಣ ಮಳೆಗೂ ನೆರೆ ಬರಬಹುದು. ಖಾಲಿಯಿದ್ದರೆ ಅದೇ ಮಳೆ ಸದ್ದಿಲ್ಲದೆ ಇಂಗಿಹೋಗುತ್ತದೆ.

ಪ್ಲಾನಿನಾ ಬಯಲಲ್ಲಿ ಜಾಸ್ತಿ ಹೊತ್ತು ನಿಲ್ಲಲಿಲ್ಲ. ಉನಿತ್ಸಾ ನದಿ ಗುಹೆಯಿಂದ ಹೊರಬಿದ್ದು, ಬಯಲೆಲ್ಲ ಸುತ್ತಾಡಿ, ಮತ್ತೆ ನೆಲದೊಳಗೆ ಇಳಿಯುತ್ತದೆ. ಇಳಿಯುವ ಬಾಯಿಗಳು ನುಂಗುವುದಕ್ಕಿಂತ ಹೆಚ್ಚು ನೀರು ಬಂದರೆ ಬಯಲೇ ಕೆರೆ.

ಎದೆ ಝಲ್ಲೆನಿಸಿದ್ದು ಶ್ಕೋತ್ಸ್ಯಾನ್ ಗುಹೆ. ಒಳಗೆ ರೇಕಾ ನದಿಯ ಮೇಲೆ ಸುಮಾರು 45 ಮೀಟರ್ ಎತ್ತರಕ್ಕೆ ಒಂದು ಸೇತುವೆ. ಕಂಬಿ ಒದ್ದೆ, ಕೈಗೆ ತಣ್ಣಗೆ ಹತ್ತುತ್ತಿತ್ತು. ಕೆಳಗೆ ನೀರಿನ ಮೊರೆತ. "ಇಲ್ಲಿ ನೀರು ಎಷ್ಟು ಏರುತ್ತೆ?" ಎಂದು ಗೈಡ್‌ರನ್ನು ಕೇಳಿದೆ. 1965ರ ನೆರೆಯಲ್ಲಿ ಗುಹೆಯೊಳಗೆ ನೂರು ಮೀಟರಿಗೂ ಜಾಸ್ತಿ ಏರಿತ್ತು ಎಂದರು. ಸುಮ್ನೆ ತಲೆ ಎತ್ತಿ ಮೇಲೆ ನೋಡಿದೆ. ಅದು ಮಳೆಯೊಂದರ ಕೆಲಸ ಅಲ್ಲ. ಮುಂದೆ ಸುರಂಗ ಇಕ್ಕಟ್ಟಾಗುತ್ತದೆ, ದಾಟಲಾಗದ ನೀರು ಹಿಂದೆ ಪೇರಿಕೊಳ್ಳುತ್ತದೆ. ಬೆಟ್ಟದ ಮೇಲೆ ಎಷ್ಟೇ ಮಳೆಮಾಪಕ ಇಡಿ, ಆ ಇಕ್ಕಟ್ಟು ಲೆಕ್ಕಕ್ಕೆ ಬರದಿದ್ದರೆ ಗುಹೆಯ ನೀರಿನ ಮಟ್ಟ ಸಿಗುವುದಿಲ್ಲ. ಅದಕ್ಕೇ ಸಂಶೋಧಕರು ಗುಹೆಗಳ ತಳದಲ್ಲಿ ನೀರಿನ ಒತ್ತಡ ದಾಖಲಿಸುವ ಪುಟ್ಟ ಉಪಕರಣಗಳನ್ನು ಕಟ್ಟಿಡುತ್ತಾರೆ.

ರೇಕಾ ಮತ್ತೆ ಹೊರಬರುವುದು ಗಡಿಯಾಚೆ, ಇಟಲಿಯ ಟಿಮಾವೋ ಬುಗ್ಗೆಗಳಲ್ಲಿ. ನಡುವೆ 30 ಕಿಲೋಮೀಟರಿಗೂ ಮೀರಿದ ದಾರಿ. 1907ರಲ್ಲಿ ನದಿಗೆ ಲಿಥಿಯಂ ಉಪ್ಪು ಬೆರೆಸಿ, ಟಿಮಾವೋದಲ್ಲಿ ಅದನ್ನು ಪತ್ತೆ ಹಚ್ಚಿದ್ದರು. ಆದರೆ ಬುಗ್ಗೆಯ ನೀರೆಲ್ಲ ರೇಕಾದ್ದಲ್ಲ. ಸುಣ್ಣಕಲ್ಲಿನ ಪ್ರಸ್ಥಭೂಮಿಯ ಮಳೆಯೂ ಸೇರುತ್ತದೆ, ಸೋಚಾ ನದಿಯಿಂದ ನೆಲದಡಿ ಹರಿದುಬಂದ ನೀರೂ ಸೇರುತ್ತದೆ. ನೆರೆಯಲ್ಲಿ ರೇಕಾದ ಪಾಲು ದೊಡ್ಡದು, ಬರಗಾಲದಲ್ಲಿ ಸೋಚಾದ್ದು. ಅಂದರೆ ಒಂದೇ ಬುಗ್ಗೆಗೆ ಬೇರೆ ಬೇರೆ ಲೆಕ್ಕ ಬೇಕು, ಅಲ್ವಾ? ಯಾವ ಬೆಟ್ಟದ ಮಳೆ ಯಾವ ಕಡೆಗೆ ಹೋಗುತ್ತದೆ ಎಂಬುದು ನನ್ನ ಕೈಯಲ್ಲಿದ್ದ ಪ್ರವಾಸಿ ನಕ್ಷೆಯಲ್ಲಂತೂ ಎಲ್ಲೂ ಇರಲಿಲ್ಲ.