ಮನಸ್ಸನ್ನು ಅಳೆಯುವ ಲ್ಯಾಬ್‌ನಲ್ಲಿ ಏನಿರುತ್ತೆ?

ಮಾನಸಿಕ ಮಾಪನ ನನಗೆ ತುಂಬಾ ಇಷ್ಟದ ವಿಷಯ ಅಂದ ಕೂಡಲೇ ಎಲ್ಲರೂ ಇದನ್ನೇ ಕೇಳುತ್ತಾರೆ: "ಮನಸ್ಸನ್ನು ಅಳೆಯೋಕೆ ಲ್ಯಾಬ್ ಯಾಕೆ? ಅಲ್ಲಿ ಏನಿರುತ್ತೆ?" ಆಗೆಲ್ಲ ನಾನು ಒಂದು ಲ್ಯಾಬಿನ ಕಥೆ ಹೇಳುತ್ತೇನೆ.

ಅದು ಅಮೆರಿಕದ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ್ದು, ಚಾಪೆಲ್ ಹಿಲ್ ಊರಿನಲ್ಲಿದೆ. ಮನಃಶಾಸ್ತ್ರಜ್ಞ ಎಲ್. ಎಲ್. ಥರ್ಸ್ಟನ್ 1952ರಲ್ಲಿ ಶುರು ಮಾಡಿದ್ದು. ಷಿಕಾಗೊದಲ್ಲಿ ಇಂಥದ್ದೇ ಲ್ಯಾಬ್ ನಡೆಸಿ, ನಿವೃತ್ತರಾದ ಮೇಲೆ ಇಲ್ಲಿಗೆ ಬಂದಿದ್ದರು. ಅವರು ಮೊದಲು ಓದಿದ್ದು ಎಂಜಿನಿಯರಿಂಗ್. ಎಡಿಸನ್ ಹತ್ತಿರವೂ ಸ್ವಲ್ಪ ದಿನ ಕೆಲಸ ಮಾಡಿದ್ದರು.

ಷಿಕಾಗೊದಲ್ಲಿದ್ದಾಗ ಮಾಡಿದ ಒಂದು ಕೆಲಸ ನನಗೆ ಬಹಳ ಇಷ್ಟ. 1927ರಲ್ಲಿ ಪ್ರಕಟವಾಯಿತು. 19 ಅಪರಾಧಗಳನ್ನು ಎರಡೆರಡಾಗಿ ಜೋಡಿಸಿದರು. ಒಟ್ಟು 171 ಜೋಡಿ. 266 ವಿದ್ಯಾರ್ಥಿಗಳಿಗೆ ಕೊಟ್ಟು, ಪ್ರತಿ ಜೋಡಿಯಲ್ಲೂ ಯಾವುದು ಹೆಚ್ಚು ಕೆಟ್ಟದ್ದು ಅಂತ ಗುರುತು ಹಾಕಿಸಿದರು. ನೂರಕ್ಕೆ 95 ಜನ ಒಂದರ ಕಡೆಗೇ ಬೆರಳು ತೋರಿಸಿದರೆ ಆ ಎರಡೂ ದೂರ ದೂರ. 55 ಜನ ಮಾತ್ರ ತೋರಿಸಿದರೆ ಹತ್ತಿರ ಹತ್ತಿರ. ಈ ಅಂತರಗಳನ್ನೆಲ್ಲ ಸೇರಿಸಿದಾಗ ಒಂದು ಗೆರೆಯ ಮೇಲೆ 19ಕ್ಕೂ ಜಾಗ ಸಿಕ್ಕಿತು. ಕೆಲಸವಿಲ್ಲದೆ ಅಲೆಯುವುದು ತೀರಾ ಕೆಳಗೆ. ಕೊಲೆ, ಅತ್ಯಾಚಾರ ಮೇಲ್ತುದಿಗೆ. ಅಂದರೆ ಅಳತೆಗೋಲು ಮೊದಲೇ ಇರಲಿಲ್ಲ, ಜನರ ಹೋಲಿಕೆಗಳಿಂದಲೇ ಹುಟ್ಟಿತು. ಎಷ್ಟು ಚೆಂದದ ಯೋಚನೆ ಅಲ್ವಾ!

ಇನ್ನೊಂದು ಪ್ರಶ್ನೆ ಬುದ್ಧಿಯದು. ಎಲ್ಲ ಜಾಣತನದ ಹಿಂದೆ ಒಂದೇ ಸಾಮಾನ್ಯ ಶಕ್ತಿ ಇದೆ ಅಂತ ಲಂಡನ್ನಿನ ಮನಃಶಾಸ್ತ್ರಜ್ಞ ಸ್ಪಿಯರ್‌ಮನ್ 1904ರಲ್ಲೇ ಹೇಳಿದ್ದರು. ಅವರ ಶಿಷ್ಯರೊಬ್ಬರು ನಮ್ಮವರೇ, ಎಂ. ವಿ. ಗೋಪಾಲಸ್ವಾಮಿ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ವಿಭಾಗ ಕಟ್ಟಿದವರು. ಮುಂದೆ 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಶುರು ಮಾಡಿದರಲ್ಲ, ಅವರೇ.

ಆ ಒಂದೇ ಶಕ್ತಿಯಿಂದ ಎಲ್ಲವನ್ನೂ ವಿವರಿಸಬಹುದು ಅಂತ ಥರ್ಸ್ಟನ್‌ಗೆ ಅನ್ನಿಸಲಿಲ್ಲ. 240 ವಿದ್ಯಾರ್ಥಿಗಳಿಗೆ ಐವತ್ತಕ್ಕೂ ಹೆಚ್ಚು ಪರೀಕ್ಷೆ ಕೊಟ್ಟರು. ಯಾವ ಪರೀಕ್ಷೆಯ ಅಂಕದ ಜೊತೆ ಯಾವುದರ ಅಂಕ ಏರಿಳಿಯುತ್ತದೆ ಅಂತ ನೋಡಲು ಸಾವಿರಕ್ಕೂ ಹೆಚ್ಚು ಜೋಡಿಗಳ ಲೆಕ್ಕ ಬೇಕು. ಆಗ ಕಂಪ್ಯೂಟರ್ ಇರಲಿಲ್ಲ. 1938ರಲ್ಲಿ ಫಲಿತಾಂಶ ಬಂತು. ಪದಗಳ ಅರ್ಥ ಹಿಡಿಯುವುದು, ಪದಗಳು ಸರಾಗವಾಗಿ ಹೊಳೆಯುವುದು, ಲೆಕ್ಕ, ಆಕಾರಗಳನ್ನು ಮನಸ್ಸಿನಲ್ಲೇ ತಿರುಗಿಸುವುದು, ನೆನಪು, ತರ್ಕ, ಕಣ್ಣಿನ ಚುರುಕು. ಹೀಗೆ ಬೇರೆ ಬೇರೆ ಶಕ್ತಿಗಳು.

ಆಮೇಲೆ ಈ ಶಕ್ತಿಗಳ ನಡುವೆಯೂ ನಂಟು ಕಂಡಿತು. ಸ್ಪಿಯರ್‌ಮನ್ ಹೇಳಿದ್ದಕ್ಕೂ ಜಾಗ ಇದೆ ಅಂತ ಥರ್ಸ್ಟನ್ ಒಪ್ಪಿಕೊಂಡರು. ಅವರ ಮೇಲೆ ನನಗೆ ಗೌರವ ಜಾಸ್ತಿಯಾಗಿದ್ದೇ ಆಗ. ಆದರೂ ಮಗುವಿಗೆ ಒಂದೇ ಅಂಕಿ ಕೊಟ್ಟು ಸುಮ್ನೆ ಕೂರಿಸಬೇಡಿ, ಯಾವುದರಲ್ಲಿ ಗಟ್ಟಿ ಅಂತ ನೋಡಿ ಅನ್ನುವ ಅವರ ದಾರಿಯೇ ನನಗೆ ಸರಿ ಅನ್ನಿಸುತ್ತದೆ.

ಥರ್ಸ್ಟನ್ 1955ರಲ್ಲಿ ತೀರಿಕೊಂಡರು. ಚಾಪೆಲ್ ಹಿಲ್ ಲ್ಯಾಬಿಗೆ ಅವರು ಸಿಕ್ಕಿದ್ದು ಮೂರೇ ವರ್ಷ. ಆಮೇಲೆ ಲೈಲ್ ಜೋನ್ಸ್ ಅದನ್ನು ಬೆಳೆಸಿದರು. ಈಗ ಅದಕ್ಕೆ ಥರ್ಸ್ಟನ್ ಹೆಸರೇ ಇದೆ.

ಅಲ್ಲಿ ಏನಿರುತ್ತೆ ಅಂದ್ರಲ್ಲ? ಪ್ರಶ್ನೆಪತ್ರಿಕೆ, ಸೀಮೆಸುಣ್ಣ, ಕಪ್ಪುಹಲಗೆ, ಲೆಕ್ಕದ ಯಂತ್ರ. ಈಗ ಕಂಪ್ಯೂಟರ್.